ಮಾದರಿ ರಾಕೆಟ್ ಉಡಾವಣೆ: ಬಾಳಿಕೆ ಬರುವ ಕ್ಲಿಪ್ ಆರಿಸುವುದು ಹೇಗೆ?

ಮೈಸೂರು: ಎಣಿಕೆ ಮುಗಿಯುತ್ತದೆ. ಗುಂಡಿ ಒತ್ತಲಾಗುತ್ತದೆ. ಆದರೆ ಸರಳಿಗೆ ಆತುಕೊಂಡು ನಿಂತ ಪುಟ್ಟ ರಾಕೆಟ್ ಅಲುಗುವುದೇ ಇಲ್ಲ. ಕೆಲವು ಕ್ಷಣ ಕಾದ ಮೇಲೆ ಗುಂಪಿನಿಂದ ಯಾರಾದರೊಬ್ಬರು ಏನಾಯಿತೆಂದು ನೋಡಲು ಅದರತ್ತ ನಡೆಯುತ್ತಾರೆ. ಮಾದರಿ ರಾಕೆಟ್ ಹವ್ಯಾಸದಲ್ಲಿ ಅತ್ಯಂತ ಅಪಾಯದ ಗಳಿಗೆ ರಾಕೆಟ್ ಹಾರುವ ಗಳಿಗೆಯಲ್ಲ, ಹಾರದೆ ನಿಂತ ರಾಕೆಟ್ ಬಳಿಗೆ ಮನುಷ್ಯ ಹೋಗುವ ಈ ಗಳಿಗೆ.

ಹೀಗೆ ಕೈಕೊಡುವ ಉಡಾವಣೆಗೆ ರಾಕೆಟ್ಟಿನ ಮೋಟಾರು ಅಥವಾ ಬ್ಯಾಟರಿಯೇ ಕಾರಣವಾಗಿರಬೇಕೆಂದಿಲ್ಲ. ಎಷ್ಟೋ ವೇಳೆ ತಪ್ಪು ಇರುವುದು ತಂತಿಯ ತುದಿಯಲ್ಲಿರುವ, ಕೆಲವೇ ರೂಪಾಯಿ ಬೆಲೆಯ ಕ್ಲಿಪ್ಪಿನಲ್ಲಿ. ಶಾಲಾ ಪ್ರಯೋಗಾಲಯಗಳಲ್ಲಿ ಎಲ್ಲರೂ ಕಂಡಿರುವ, ಮೊಸಳೆಯ ಬಾಯಿಯಂತೆ ಹಲ್ಲುಗಳುಳ್ಳ ಈ ಪುಟ್ಟ ಚಿಮ್ಮಟವನ್ನು ಕ್ರೊಕೊಡೈಲ್ ಕ್ಲಿಪ್ ಎನ್ನುತ್ತಾರೆ. ಉಡಾವಣಾ ಸಲಕರಣೆಯಲ್ಲಿ ಪ್ರತಿ ಸಲವೂ ಬೆಂಕಿಯ ಬಾಯಿಗೆ ಸಿಗುವ ವಿದ್ಯುತ್ ಭಾಗವೆಂದರೆ ಇದೊಂದೇ. ಆದ್ದರಿಂದ ಇದರ ಆಯ್ಕೆ ಮತ್ತು ಆರೈಕೆ ಸುರಕ್ಷತೆಯ ಪ್ರಶ್ನೆಯೇ ಆಗಿದೆ.

ರಾಕೆಟ್ಟಿನ ನಾಡು

ರಾಕೆಟ್ಟಿಗೂ ಮೈಸೂರಿಗೂ ಇರುವ ನಂಟು ಹೊಸದಲ್ಲ. ನಗರದಿಂದ ಸುಮಾರು 15 ಕಿ.ಮೀ. ದೂರದ ಶ್ರೀರಂಗಪಟ್ಟಣವನ್ನು ರಾಜಧಾನಿಯಾಗಿಸಿಕೊಂಡಿದ್ದ ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೇನೆ 1780ರ ಪೊಳ್ಳಿಲೂರು ಕಾಳಗದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಡೆಯ ಮೇಲೆ ರಾಕೆಟ್‌ಗಳನ್ನು ಪ್ರಯೋಗಿಸಿತು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಈ ಅಸ್ತ್ರಗಳ ಮಾದರಿಗಳು ಇಂಗ್ಲೆಂಡ್ ತಲುಪಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ರೂಪಿಸಿದ ರಾಕೆಟ್‌ಗಳು ಇವುಗಳಿಂದಲೇ ಪ್ರೇರಣೆ ಪಡೆದವು.

ಮೈಸೂರು ರಾಕೆಟ್ಟಿನ ಹಿರಿಮೆ ಇದ್ದದ್ದು ಮುಖ್ಯವಾಗಿ ಅದರ ಲೋಹದಲ್ಲಿ. ಬೇರೆಡೆ ಕಾಗದ ಅಥವಾ ಬಿದಿರಿನ ಕೊಳವೆಯಲ್ಲಿ ಮದ್ದು ತುಂಬುತ್ತಿದ್ದಾಗ ಇಲ್ಲಿನ ಕಮ್ಮಾರರು ಕಬ್ಬಿಣದ ಕೊಳವೆ ಬಳಸಿದರು. ಅದರಿಂದಾಗಿ ಒಳಗಿನ ಒತ್ತಡ ಹೆಚ್ಚಿದರೂ ಕೊಳವೆ ಒಡೆಯದೆ ರಾಕೆಟ್ ಹೆಚ್ಚು ದೂರ ಸಾಗುತ್ತಿತ್ತು. ವೈಮಾನಿಕ ವಿಜ್ಞಾನಿ ರೊದ್ದಂ ನರಸಿಂಹ ಅವರು ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್‌ಗಳ ಕುರಿತು 1985ರಲ್ಲಿ ಹೊರತಂದ ಅಧ್ಯಯನದಲ್ಲಿ ಈ ಅಂಶವನ್ನು ವಿವರಿಸಿದ್ದಾರೆ.

ಅದೇ ಕಬ್ಬಿಣಕ್ಕೆ ಕಾಲ ಮತ್ತು ತೇವ ಏನು ಮಾಡಬಲ್ಲವು ಎಂಬುದಕ್ಕೂ ರಾಜ್ಯದಲ್ಲಿಯೇ ಸಾಕ್ಷಿಯಿದೆ. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರ ಗ್ರಾಮದ ಪಾಳು ಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ದೊರೆತವು. ತುಕ್ಕು ಹಿಡಿದು ಕೆಸರಿನಲ್ಲಿ ಹೂತಿದ್ದ ಅವುಗಳನ್ನು ಪುರಾತತ್ವ ಇಲಾಖೆ ಹೊರತೆಗೆಯಿತು. ಬಲವಾದ ಲೋಹವೂ ತೇವಕ್ಕೆ ಸೋಲುತ್ತದೆ ಎಂಬ ಈ ಪಾಠ ಇಂದಿನ ಪುಟ್ಟ ಕ್ಲಿಪ್ಪಿಗೂ ಅನ್ವಯಿಸುತ್ತದೆ.

ಬತ್ತಿಯಿಂದ ತಂತಿಗೆ

ಟಿಪ್ಪುವಿನ ಸೈನಿಕರು ರಾಕೆಟ್ಟಿನ ಬತ್ತಿಗೆ ಕೈಯಾರೆ ಕಿಚ್ಚು ಹಚ್ಚುತ್ತಿದ್ದರು. ಮಾದರಿ ರಾಕೆಟ್ ಹವ್ಯಾಸದಲ್ಲಿ ಇದಕ್ಕೆ ಅವಕಾಶವಿಲ್ಲ. 1954ರಲ್ಲಿ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಪಾದರಕ್ಷೆ ವ್ಯಾಪಾರಿ ಆರ್ವಿಲ್ ಕಾರ್ಲೈಲ್ ಕಾಗದ ಮತ್ತು ಹಗುರ ಮರದಿಂದ ಮೊದಲ ಮಾದರಿ ರಾಕೆಟ್ ರೂಪಿಸಿದರು. ಮನೆಯಲ್ಲಿಯೇ ಮದ್ದು ಅರೆದು ರಾಕೆಟ್ ಮಾಡಲು ಹೋಗಿ ಹುಡುಗರು ಗಾಯಗೊಳ್ಳುತ್ತಿದ್ದ ಕಾಲವದು. ಅದನ್ನು ತಪ್ಪಿಸಲು ಕಾರ್ಖಾನೆಯಲ್ಲಿ ತಯಾರಾದ ಮೋಟಾರು ಹಾಗೂ ವಿದ್ಯುತ್ತಿನಿಂದ ದೂರದಲ್ಲೇ ನಿಂತು ಹೊತ್ತಿಸುವ ಕ್ರಮ ರೂಢಿಗೆ ಬಂದವು. ಜಿ. ಹ್ಯಾರಿ ಸ್ಟೈನ್ ಅವರು ಇದಕ್ಕೆ ಸುರಕ್ಷತಾ ಸಂಹಿತೆಯ ರೂಪ ಕೊಟ್ಟರು.

ಇಂದಿಗೂ ಜಗತ್ತಿನ ಹಲವೆಡೆ ಅನುಸರಿಸುವ ಅಮೆರಿಕದ ರಾಷ್ಟ್ರೀಯ ರಾಕೆಟ್ ಸಂಘದ ಸಂಹಿತೆಯ ಪ್ರಕಾರ ಉಡಾವಣೆ ವಿದ್ಯುತ್ತಿನಿಂದಲೇ ನಡೆಯಬೇಕು. ಸಣ್ಣ ಮೋಟಾರಿನ ರಾಕೆಟ್‌ಗಳಿಗೆ ಕನಿಷ್ಠ 15 ಅಡಿ, ದೊಡ್ಡವಕ್ಕೆ ಕನಿಷ್ಠ 30 ಅಡಿ ದೂರವಿರಬೇಕು. ಗುಂಡಿಯ ಜೊತೆ ಸುರಕ್ಷತಾ ಕೀಲಿಯೂ ಇರಬೇಕು. ಕೈ ತೆಗೆದ ಕೂಡಲೇ ಗುಂಡಿ ತಾನಾಗಿ ಆರಬೇಕು. ರಾಕೆಟ್ ಹೊತ್ತಿಕೊಳ್ಳದಿದ್ದರೆ ಕೀಲಿಯನ್ನು ತೆಗೆದು ಅಥವಾ ಬ್ಯಾಟರಿಯ ಸಂಪರ್ಕ ಕಡಿದು, ಕನಿಷ್ಠ 60 ಸೆಕೆಂಡು ಕಾದ ನಂತರವೇ ಹತ್ತಿರ ಹೋಗಬೇಕು. ಈ ಎಲ್ಲ ದೂರವನ್ನೂ ಕಾಯುವ ತಂತಿಯ ಕೊನೆಯ ಕೊಂಡಿಯೇ ಕ್ಲಿಪ್.

ಭಾರತದಲ್ಲಿ ಕಾನೂನು

ಭಾರತದಲ್ಲಿ ಮದ್ದು ಹಾಗೂ ರಾಕೆಟ್ ಇಂಧನದ ತಯಾರಿಕೆ, ಸಂಗ್ರಹ ಮತ್ತು ಸಾಗಣೆ 1884ರ ಸ್ಫೋಟಕ ಕಾಯ್ದೆ ಹಾಗೂ 2008ರ ಸ್ಫೋಟಕ ನಿಯಮಾವಳಿಗೆ ಒಳಪಟ್ಟಿವೆ. ನಾಗಪುರದಲ್ಲಿ ಕೇಂದ್ರ ಕಚೇರಿ ಹೊಂದಿರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ ಇದರ ಉಸ್ತುವಾರಿ ನೋಡಿಕೊಳ್ಳುತ್ತದೆ. ಪೆಟ್ಲುಪ್ಪು, ಗಂಧಕ ಮತ್ತು ಇದ್ದಿಲನ್ನು ಮನೆಯಲ್ಲಿ ಬೆರೆಸುವುದಾಗಲಿ, ದೀಪಾವಳಿಯ ಪಟಾಕಿ ಬಿಚ್ಚಿ ಮದ್ದು ತೆಗೆಯುವುದಾಗಲಿ ಕಾನೂನಿಗೆ ವಿರುದ್ಧ; ಪ್ರಾಣಕ್ಕೂ ಎರವು. ಮೈಸೂರಿನ ದಕ್ಷಿಣಕ್ಕೆ ಮಂಡಕಳ್ಳಿ ವಿಮಾನ ನಿಲ್ದಾಣವಿರುವುದರಿಂದ ಸುತ್ತಲಿನ ಬಯಲುಗಳಲ್ಲಿ ಅನುಮತಿಯಿಲ್ಲದೆ ರಾಕೆಟ್ ಹಾರಿಸುವಂತಿಲ್ಲ ಎಂಬುದನ್ನೂ ನೆನಪಿಡಬೇಕು.

ವಿದ್ಯಾರ್ಥಿಗಳಿಗೆ ಸೂಕ್ತವಾದ ದಾರಿಯೆಂದರೆ ಸಂಸ್ಥೆಗಳ ಮೇಲ್ವಿಚಾರಣೆಯಲ್ಲಿ ನಡೆಯುವ ಕಾರ್ಯಕ್ರಮಗಳು. ಕೇಂದ್ರ ಸರ್ಕಾರದ ಇನ್-ಸ್ಪೇಸ್ ಸಂಸ್ಥೆ 2024-25ನೇ ಸಾಲಿಗೆ ಕಾಲೇಜು ವಿದ್ಯಾರ್ಥಿಗಳಿಗಾಗಿ ಮಾದರಿ ರಾಕೆಟ್ ಸ್ಪರ್ಧೆ ಏರ್ಪಡಿಸಿತ್ತು. ಅದರ ಉಡಾವಣೆಗಳು 2025ರಲ್ಲಿ ಉತ್ತರ ಪ್ರದೇಶದ ಕುಶಿನಗರ ಜಿಲ್ಲೆಯಲ್ಲಿ ನಡೆದವು. ಶಾಲಾ ಮಟ್ಟದಲ್ಲಿ ಮದ್ದಿಲ್ಲದ ನೀರಿನ ರಾಕೆಟ್ ಇದೆ. ಇದರಲ್ಲಿ ಒತ್ತಡ ತುಂಬಿದ ಬಾಟಲಿಯ ಕೊಂಡಿಯನ್ನು ದೂರದಿಂದ ಕಳಚಲು 12 ವೋಲ್ಟಿನ ಸೊಲೆನಾಯ್ಡ್ ಬಳಸಿದರೆ ಅಲ್ಲಿಯೂ ಇದೇ ತಂತಿ, ಇದೇ ಕ್ಲಿಪ್ ಬೇಕಾಗುತ್ತವೆ. ಕ್ಲಿಪ್ ಪರೀಕ್ಷಿಸುವುದಕ್ಕಂತೂ ಒಂದು ಚಿಟಿಕೆ ಮದ್ದೂ ಬೇಕಿಲ್ಲ.

ಅರ್ಧ ಓಮ್‌ನ ಲೆಕ್ಕ

ರಾಕೆಟ್ ಮೋಟಾರಿನ ಬಾಯಿಯಲ್ಲಿ ಕೂರಿಸುವ ಹೊತ್ತಿಸುವ ತಂತಿ, ಅಂದರೆ ಇಗ್ನೈಟರ್, ಕೂದಲೆಳೆಯಷ್ಟು ತೆಳುವಾಗಿರುತ್ತದೆ. ಇಸ್ತ್ರಿಪೆಟ್ಟಿಗೆಯ ಸುರುಳಿಯಲ್ಲಿ ಬಳಸುವ ನೈಕ್ರೋಮ್ ತಂತಿಯಂಥದ್ದೇ ಇಲ್ಲಿಯೂ ಬಳಕೆಯಲ್ಲಿದೆ. ವಿದ್ಯುತ್ ಹರಿದಾಗ ಅದು ಕ್ಷಣಮಾತ್ರದಲ್ಲಿ ಕೆಂಪಗೆ ಕಾಯಬೇಕು. ಇದರ ರೋಧ ಬಹಳ ಕಡಿಮೆ, ಸುಮಾರು 0.7 ಓಮ್ ಎಂದಿಟ್ಟುಕೊಳ್ಳಬಹುದು.

ಯುಪಿಎಸ್‌ಗಳಲ್ಲಿ ಬಳಸುವ 12 ವೋಲ್ಟಿನ ಬ್ಯಾಟರಿಯನ್ನು ಇದಕ್ಕೆ ಜೋಡಿಸಲಾಗಿದೆ ಎಂದುಕೊಳ್ಳೋಣ. ಹತ್ತು ಮೀಟರ್ ಹೋಗಿ ಬರುವ 1 ಚದರ ಮಿ.ಮೀ. ತಾಮ್ರದ ತಂತಿಯ ರೋಧ ಸುಮಾರು 0.4 ಓಮ್. ಬ್ಯಾಟರಿ ಮತ್ತು ಸ್ವಿಚ್ ಸೇರಿ 0.1 ಓಮ್. ಒಟ್ಟು 1.2 ಓಮ್. ಓಮನ ನಿಯಮದಂತೆ 10 ಆಂಪಿಯರ್ ಪ್ರವಾಹ ಹರಿಯುತ್ತದೆ. ಇಗ್ನೈಟರಿಗೆ 70 ವಾಟ್ ಶಾಖ ದೊರೆಯುತ್ತದೆ.

ಈಗ ಎರಡೂ ಕ್ಲಿಪ್‌ಗಳಿಗೆ ಮಸಿ ಹಿಡಿದು ತಲಾ 0.6 ಓಮ್ ರೋಧ ಸೇರಿತೆನ್ನೋಣ. ಒಟ್ಟು ರೋಧ 2.4 ಓಮ್ ಆಗಿ ಪ್ರವಾಹ 5 ಆಂಪಿಯರಿಗೆ ಇಳಿಯುತ್ತದೆ. ಪ್ರವಾಹ ಅರ್ಧವಾದರೆ ಶಾಖ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಕುಸಿಯುತ್ತದೆ. 70 ವಾಟ್ ಇದ್ದದ್ದು 17.5 ವಾಟ್ ಆಗುತ್ತದೆ. ಅತ್ತ ಒಂದೊಂದು ಕ್ಲಿಪ್ಪೂ 15 ವಾಟ್ ಶಾಖವನ್ನು ತಾನೇ ನುಂಗುತ್ತದೆ. ಅಂದರೆ ರಾಕೆಟ್ಟಿನ ಒಳಗೆ ಬೀಳಬೇಕಾದ ಕಾವು ಹೊರಗಿನ ಕ್ಲಿಪ್ಪಿನಲ್ಲಿ ವ್ಯರ್ಥವಾಗುತ್ತದೆ. ಇಗ್ನೈಟರ್ ಕಾದರೂ ನಿಧಾನವಾಗಿ ಕಾಯುತ್ತದೆ. ಗುಂಡಿ ಒತ್ತಿದ ಬಹಳ ಹೊತ್ತಿನ ಮೇಲೆ ಮೋಟಾರು ಹೊತ್ತಿಕೊಳ್ಳುವ ಅಪಾಯ ಹುಟ್ಟುವುದು ಇಂಥ ಅರೆಬರೆ ಕಾವಿನಿಂದ.

ದೀಪ ಹೇಳುವ ಸುಳ್ಳು

ಉಡಾವಣಾ ಪೆಟ್ಟಿಗೆಗಳಲ್ಲಿ ಸಂಪರ್ಕ ಸರಿಯಿದೆಯೇ ಎಂದು ತೋರಿಸುವ ಒಂದು ಸೂಚಕ ದೀಪವಿರುತ್ತದೆ. ದೀಪ ಬೆಳಗಿದರೆ ಎಲ್ಲವೂ ಸರಿಯೆಂದು ತಿಳಿಯುವುದು ವಾಡಿಕೆ. ಇದು ಅರ್ಧ ಸತ್ಯ ಮಾತ್ರ.

ದೀಪದ ಪರೀಕ್ಷೆಯ ವೇಳೆ ಇಗ್ನೈಟರ್ ಹೊತ್ತಿಕೊಳ್ಳಬಾರದಾದ್ದರಿಂದ ಅತಿ ಕಡಿಮೆ ಪ್ರವಾಹವನ್ನಷ್ಟೇ ಹರಿಸಲಾಗುತ್ತದೆ. ಎಲ್ಇಡಿ ದೀಪವಾದರೆ ಸುಮಾರು 0.02 ಆಂಪಿಯರ್ ಸಾಕು. ಅಷ್ಟು ಪ್ರವಾಹಕ್ಕೆ ಮೇಲೆ ಹೇಳಿದ ಮಸಿ ಹಿಡಿದ ಕ್ಲಿಪ್ಪಿನಲ್ಲಿ ನಷ್ಟವಾಗುವುದು ಕೇವಲ 0.012 ವೋಲ್ಟ್. ದೀಪದ ಬೆಳಕಿನಲ್ಲಿ ಅದು ಕಾಣುವುದೇ ಇಲ್ಲ. ಆದರೆ ಹಾರಿಸುವಾಗ ಅದೇ ಕ್ಲಿಪ್ 3 ವೋಲ್ಟ್ ತಿಂದುಹಾಕುತ್ತದೆ. ಎರಡು ಕ್ಲಿಪ್‌ಗಳು ಒಂದಕ್ಕೊಂದು ತಾಗಿಕೊಂಡಿದ್ದರೂ ದೀಪ ಬೆಳಗುತ್ತದೆ. ಆಗ ವಿದ್ಯುತ್ ಇಗ್ನೈಟರನ್ನು ಬಿಟ್ಟು ಅಡ್ಡದಾರಿ ಹಿಡಿದಿರುತ್ತದೆ.

ಆದ್ದರಿಂದ ಕ್ಲಿಪ್‌ಗಳನ್ನು ಭಾರ ಹೊರಿಸಿಯೇ ಪರೀಕ್ಷಿಸಬೇಕು. ಬಯಲಿಗೆ ಹೋಗುವ ಹಿಂದಿನ ದಿನ ಇಗ್ನೈಟರ್ ಬದಲು ಕಾರಿನ ಇಂಡಿಕೇಟರ್‌ಗೆ ಹಾಕುವ 12 ವೋಲ್ಟ್, 21 ವಾಟ್ ಬಲ್ಬನ್ನು ಎರಡು ತುಂಡು ತಂತಿಯ ಮೂಲಕ ಕ್ಲಿಪ್‌ಗಳಿಗೆ ಸಿಕ್ಕಿಸಿ ಉರಿಸಬೇಕು. ಆಗ ಸುಮಾರು 1.75 ಆಂಪಿಯರ್ ಹರಿಯುತ್ತದೆ. ಮಲ್ಟಿಮೀಟರಿನ ಒಂದು ಮೊನೆಯನ್ನು ಕ್ಲಿಪ್ಪಿನ ಹಿಂಬದಿಯ ತಂತಿಗೂ ಇನ್ನೊಂದನ್ನು ಕ್ಲಿಪ್ ಕಚ್ಚಿರುವ ತಂತಿಗೂ ತಾಗಿಸಿ ವೋಲ್ಟೇಜ್ ಓದಬೇಕು. ಒಳ್ಳೆಯ ಕ್ಲಿಪ್ಪಿನಲ್ಲಿ ಇದು 0.05 ವೋಲ್ಟಿಗಿಂತ ಕಡಿಮೆಯಿರುತ್ತದೆ. 0.1 ವೋಲ್ಟ್ ದಾಟಿದರೆ ಶುಚಿಗೊಳಿಸಬೇಕು. ಶುಚಿಗೊಳಿಸಿದರೂ ಇಳಿಯದಿದ್ದರೆ ಎಸೆಯಬೇಕು.

ಯಾವ ಲೋಹ?

ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಯಲ್ಲಿ ದೊರೆಯುವ ಕ್ಲಿಪ್‌ಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು.

ನಿಕ್ಕಲ್ ಲೇಪದ ಉಕ್ಕು: ಅತ್ಯಂತ ಅಗ್ಗ. ಹಿಡಿತ ಬಿಗಿ, ಹೊಸದರಲ್ಲಿ ಹೊಳಪು. ಆದರೆ ಉಕ್ಕಿನಲ್ಲಿ ವಿದ್ಯುತ್ ತಾಮ್ರದಷ್ಟು ಸಲೀಸಾಗಿ ಹರಿಯದು. ಕೆಲವು ಉಡಾವಣೆಗಳಲ್ಲಿ ಲೇಪ ಸುಟ್ಟು ಸವೆದ ಮೇಲೆ ಒಳಗಿನ ಉಕ್ಕಿಗೆ ತುಕ್ಕು ಹಿಡಿಯುತ್ತದೆ.

ತಾಮ್ರ ಲೇಪದ ಉಕ್ಕು: ನೋಟಕ್ಕೆ ತಾಮ್ರ, ಗುಣಕ್ಕೆ ಕಬ್ಬಿಣ. ಅನೇಕರು ಮೋಸ ಹೋಗುವುದು ಇಲ್ಲಿಯೇ. ಅಂಗಡಿಗೆ ಹೋಗುವಾಗ ಒಂದು ಅಯಸ್ಕಾಂತ ಒಯ್ದರೆ ಸಾಕು. ದವಡೆಗೆ ಅಯಸ್ಕಾಂತ ಅಂಟಿದರೆ ಅದು ಅಪ್ಪಟ ತಾಮ್ರವಲ್ಲ. ಒಳಗಿನ ಸ್ಪ್ರಿಂಗ್ ಮಾತ್ರ ಉಕ್ಕಿನದ್ದೇ ಆಗಿರುವುದರಿಂದ ಅದರಿಂದ ದೂರವಾಗಿ, ದವಡೆಯ ತುದಿಗೇ ಹಿಡಿದು ನೋಡಬೇಕು.

ಅಪ್ಪಟ ತಾಮ್ರ: ವಿದ್ಯುತ್ತನ್ನೂ ಶಾಖವನ್ನೂ ಬೇಗ ಸಾಗಿಸುವುದರಿಂದ ತುದಿ ಸುಡುವುದು ಕಡಿಮೆ. ಮೃದು ಲೋಹವಾದ್ದರಿಂದ ಹಲ್ಲುಗಳು ಸವೆಯುತ್ತವೆ, ಕಿಲುಬೂ ಹಿಡಿಯುತ್ತದೆ. ಆದರೆ ಎಷ್ಟು ಉಜ್ಜಿದರೂ ಒಳಗೆ ಇರುವುದು ತಾಮ್ರವೇ. ಕಳೆದುಹೋಗಲು ಲೇಪವೇ ಇಲ್ಲವೆಂಬುದು ಇದರ ದೊಡ್ಡ ಗುಣ. ಸಣ್ಣ ರಾಕೆಟ್‌ಗಳ ಉಡಾವಣೆಗೆ ಸಣ್ಣ ಗಾತ್ರದ ತಾಮ್ರದ ಕ್ಲಿಪ್ ಉತ್ತಮ ಆಯ್ಕೆ.

ಹಿತ್ತಾಳೆ: ತಾಮ್ರಕ್ಕಿಂತ ಗಟ್ಟಿ, ಉಕ್ಕಿಗಿಂತ ಒಳ್ಳೆಯ ವಾಹಕ. ತಾಮ್ರದ್ದು ಸಿಗದಿದ್ದರೆ ಇದನ್ನು ಆರಿಸಬಹುದು. ತವರದ ಕಲಾಯಿ ಹಾಕಿದ ತಾಮ್ರ ಅಥವಾ ಹಿತ್ತಾಳೆಯ ಕ್ಲಿಪ್ ತೇವವನ್ನು ಇನ್ನಷ್ಟು ತಾಳಿಕೊಳ್ಳುತ್ತದೆ. ಆದರೆ ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಜ್ವಾಲೆ ನೇರವಾಗಿ ತಗಲುವ ತುದಿಯಲ್ಲಿ ಕಲಾಯಿ ಬಹಳ ದಿನ ಉಳಿಯದು.

ಹಲ್ಲು, ಸ್ಪ್ರಿಂಗ್ ಮತ್ತು ಬೆಸುಗೆ

ಲೋಹದಷ್ಟೇ ಮುಖ್ಯವಾದುದು ದವಡೆಯ ಆಕಾರ. ಕಾರ್ ಬ್ಯಾಟರಿಗೆ ಹಾಕುವ ದೊಡ್ಡ ಕ್ಲಿಪ್ಪಿನ ಹಲ್ಲುಗಳ ಸಂದಿನಲ್ಲಿ ಇಗ್ನೈಟರಿನ ಸಣ್ಣ ತಂತಿ ಜಾರುತ್ತದೆ. ಅದರ ಭಾರಕ್ಕೆ ಇಗ್ನೈಟರ್ ಮೋಟಾರಿನಿಂದ ಕಳಚಿ ಬೀಳಲೂಬಹುದು. ಸುಮಾರು 3 ಸೆಂ.ಮೀ. ಉದ್ದದ, ನಯವಾದ ಅಥವಾ ಬಹು ಸಣ್ಣ ಹಲ್ಲಿನ ಕ್ಲಿಪ್ ಸೂಕ್ತ. ಬಾಯಿ ಮುಚ್ಚಿದಾಗ ಎರಡು ದವಡೆಗಳ ತುದಿಗಳು ನೇರವಾಗಿ ಕೂಡಬೇಕು. ಬೆಳಕಿಗೆ ಹಿಡಿದಾಗ ಸಂದು ಕಾಣಬಾರದು. ಇಗ್ನೈಟರಿನ ತಂತಿಯನ್ನು ದವಡೆಗೆ ಒಂದೆರಡು ಸುತ್ತು ಸುತ್ತಿದರೆ ಸಂಪರ್ಕದ ಜಾಗ ಹೆಚ್ಚುತ್ತದೆ.

ಕ್ಲಿಪ್ಪಿನ ಆಯಸ್ಸನ್ನು ಕೊನೆಗೆ ನಿರ್ಧರಿಸುವುದು ಸ್ಪ್ರಿಂಗ್. ಪದೇ ಪದೇ ಕಾದ ಉಕ್ಕಿನ ಸ್ಪ್ರಿಂಗ್ ತನ್ನ ಬಿಗಿ ಕಳೆದುಕೊಳ್ಳುತ್ತದೆ. ಲೋಹ ಎಷ್ಟೇ ಶುಚಿಯಾಗಿದ್ದರೂ ಸಡಿಲ ಹಿಡಿತದಲ್ಲಿ ಸಂಪರ್ಕ ನಿಲ್ಲದು. ಕ್ಲಿಪ್ ಕಚ್ಚಿದ ಸಣ್ಣ ತಂತಿಯನ್ನು ಮೆಲ್ಲಗೆ ಎಳೆದಾಗ ಜಾರಿ ಬಂದರೆ ಆ ಕ್ಲಿಪ್ಪಿನ ಕಾಲ ಮುಗಿಯಿತೆಂದೇ ಅರ್ಥ. ಇಕ್ಕಳದಿಂದ ಬಗ್ಗಿಸಿ ಸರಿಪಡಿಸಲು ಹೋಗಬಾರದು.

ತಂತಿಯನ್ನು ಕ್ಲಿಪ್ಪಿಗೆ ಕೇವಲ ಸ್ಕ್ರೂ ಹಾಕಿ ಬಿಗಿದರೆ ಕಾಲಕ್ರಮೇಣ ಸಡಿಲವಾಗುತ್ತದೆ. ಮೊದಲು ಕ್ಲಿಪ್ಪಿನ ಬಾಲದ ಕಿವಿಗಳನ್ನು ಮಡಚಿ ತಂತಿಯನ್ನು ಬಿಗಿಯಾಗಿ ಹಿಡಿಸಿ, ಅನಂತರ ಬೆಸುಗೆ ಹಾಕುವುದು ಸರಿಯಾದ ಕ್ರಮ. ಸಾಮಾನ್ಯ ತವರ-ಸೀಸದ ಬೆಸುಗೆ ಸುಮಾರು 183 ಡಿಗ್ರಿಗೇ ಕರಗಲಾರಂಭಿಸುವುದರಿಂದ ಬೆಸುಗೆಯೊಂದನ್ನೇ ನೆಚ್ಚುವಂತಿಲ್ಲ. ಕ್ಲಿಪ್ಪಿನ ಮೇಲಿನ ಬಣ್ಣದ ಪ್ಲಾಸ್ಟಿಕ್ ಕವಚ ಜ್ವಾಲೆಗೆ ಕರಗಿ ದವಡೆಗೆ ಮೆತ್ತಿಕೊಳ್ಳಬಹುದು. ಸಿಲಿಕೋನ್ ಅಥವಾ ಗಾಜಿನ ನಾರಿನ ಕವಚ ಮೇಲು.

ಬದಲಿಸಲು ಅನುಕೂಲವಾಗಿರಲಿ

ಎಷ್ಟೇ ಒಳ್ಳೆಯ ಕ್ಲಿಪ್ ಆದರೂ ಅದು ಸವೆಯುವ ವಸ್ತು. ಸೀಮೆಸುಣ್ಣದಂತೆ ಖರ್ಚಾಗುವ ಸಾಮಾನೆಂದೇ ಅದನ್ನು ಎಣಿಸಬೇಕು. ಹತ್ತು ಮೀಟರ್ ತಂತಿಗೆ ನೇರವಾಗಿ ಕ್ಲಿಪ್ ಬೆಸೆದರೆ ಬಯಲಿನಲ್ಲಿ ಕೆಟ್ಟಾಗ ಬದಲಿಸುವ ದಾರಿಯಿರುವುದಿಲ್ಲ. ಬದಲಿಗೆ ಕ್ಲಿಪ್‌ಗಳನ್ನು ಒಂದಡಿ ಉದ್ದದ ಪ್ರತ್ಯೇಕ ತಂತಿಗೆ ಬೆಸೆದು, ಆ ತುಂಡನ್ನು ಮುಖ್ಯ ತಂತಿಗೆ ಪ್ಲಗ್ ಮೂಲಕ ಜೋಡಿಸಬೇಕು. ಇಂಥ ಎರಡು ಮೂರು ತುಂಡುಗಳು ಚೀಲದಲ್ಲಿದ್ದರೆ ನಿಮಿಷದೊಳಗೆ ಬದಲಿಸಬಹುದು. ಬೆಂಕಿಗೆ ಆಹುತಿಯಾಗುವುದು ಒಂದಡಿ ತಂತಿ ಮಾತ್ರ.

ತಂತಿಯ ಭಾರ ಕ್ಲಿಪ್ಪಿನ ಮೇಲೆ ಬೀಳದಂತೆ ಅದನ್ನು ಉಡಾವಣಾ ಪೀಠದ ಕಾಲಿಗೆ ಕಟ್ಟಬೇಕು. ಜ್ವಾಲೆ ತಡೆಯಲು ಇಟ್ಟಿರುವ ಲೋಹದ ತಟ್ಟೆಗೆ ಕ್ಲಿಪ್ ತಾಗಬಾರದು. ಎರಡು ಕ್ಲಿಪ್‌ಗಳು ಎದುರುಬದುರು ದಿಕ್ಕಿನಿಂದ ಬರುವಂತೆ ಸಿಕ್ಕಿಸಿದರೆ ಪರಸ್ಪರ ತಾಗುವ ಸಂಭವ ಕಡಿಮೆ. ಒಂದು ವೇಳೆ ತಾಗಿದರೆ ಬ್ಯಾಟರಿಯಿಂದ ಭಾರಿ ಪ್ರವಾಹ ಹರಿದು ತಂತಿ ಸುಡಬಹುದಾದ್ದರಿಂದ ಬ್ಯಾಟರಿಯ ಪಕ್ಕದಲ್ಲಿ ಫ್ಯೂಸ್ ಇರಲೇಬೇಕು.

ಮೊದಲು ನೀರು, ಆಮೇಲೆ ಉಜ್ಜುವುದು

ಮದ್ದು ಉರಿದಾಗ ಉಳಿಯುವ ಬೂದಿಯಲ್ಲಿ ಪೊಟ್ಯಾಸಿಯಂನ ಕಾರ್ಬೊನೇಟ್, ಸಲ್ಫೇಟ್ ಮತ್ತು ಸಲ್ಫೈಡ್ ಲವಣಗಳಿರುತ್ತವೆ. ಕಾರ್ಬೊನೇಟ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಸಲ್ಫೈಡ್ ತಾಮ್ರವನ್ನು ಕಪ್ಪಾಗಿಸುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಗಾಲದಲ್ಲಿ ಹಾಗೆಯೇ ಎತ್ತಿಟ್ಟ ಕ್ಲಿಪ್ ಮತ್ತೆ ಹೊರತೆಗೆಯುವ ಹೊತ್ತಿಗೆ ಕೆಲಸಕ್ಕೆ ಬಾರದಂತಾಗಬಹುದು. ದೊಡ್ಡ ರಾಕೆಟ್‌ಗಳಲ್ಲಿ ಬಳಸುವ ಅಮೋನಿಯಂ ಪರ್ಕ್ಲೋರೇಟ್ ಇಂಧನದ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುವುದರಿಂದ ಅದರ ಹಾವಳಿ ಇನ್ನೂ ಹೆಚ್ಚು.

ಈ ಲವಣಗಳು ನೀರಿನಲ್ಲಿ ಕರಗುತ್ತವೆ, ಎಣ್ಣೆಯಲ್ಲಿ ಕರಗುವುದಿಲ್ಲ. ಹೀಗಾಗಿ ಉಡಾವಣೆ ಮುಗಿದ ದಿನವೇ ಕ್ಲಿಪ್‌ಗಳನ್ನು ತಂತಿಯ ತುಂಡಿನ ಸಮೇತ ಕಳಚಿ, ಬಿಸಿನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಪೂರ್ತಿ ಒಣಗಿಸಬೇಕು. ನಂತರ ನಯವಾದ ಮರಳು ಕಾಗದದ ಸಣ್ಣ ಪಟ್ಟಿಯನ್ನು ದವಡೆಗಳ ನಡುವೆ ಕಚ್ಚಿಸಿ ಎಳೆದರೆ ಒಳಮೈ ಹೊಳೆಯುತ್ತದೆ. ಮನೆಯ ತಾಮ್ರದ ಚೆಂಬಿಗೆ ಹುಣಸೆಹಣ್ಣು ಹಚ್ಚುವಂತೆ ಇದಕ್ಕೂ ಹಚ್ಚಬಹುದು. ಆದರೆ ಹುಳಿಯ ಅಂಶ ಸ್ಪ್ರಿಂಗಿನ ಸುರುಳಿಯಲ್ಲಿ ಉಳಿದರೆ ಉಕ್ಕಿಗೆ ತುಕ್ಕು ಹಿಡಿಯುವುದರಿಂದ ಚೆನ್ನಾಗಿ ತೊಳೆಯುವುದು ಅಗತ್ಯ.

ಒಟ್ಟಿನಲ್ಲಿ ಅಪ್ಪಟ ತಾಮ್ರದ ಸಣ್ಣ ಕ್ಲಿಪ್, ಬಿಗಿಯಾದ ಸ್ಪ್ರಿಂಗ್, ಬದಲಿಸಬಹುದಾದ ಒಂದಡಿ ತಂತಿ, ಹಿಂದಿನ ದಿನದ ಬಲ್ಬ್ ಪರೀಕ್ಷೆ ಮತ್ತು ಅದೇ ದಿನದ ನೀರಿನ ಶುಚಿ. ಇಷ್ಟಾದರೆ ಗುಂಡಿ ಒತ್ತಿದಾಗ ರಾಕೆಟ್ ಹಾರುವ ಭರವಸೆ ಹೆಚ್ಚುತ್ತದೆ. ಇಷ್ಟೆಲ್ಲ ಮಾಡಿಯೂ ಒಮ್ಮೊಮ್ಮೆ ಅದು ಹಾರದಿರಬಹುದು. ಆಗ ಕೀಲಿ ತೆಗೆದು, ಅರವತ್ತರವರೆಗೆ ಎಣಿಸಿ, ದೊಡ್ಡವರೊಬ್ಬರು ಮಾತ್ರ ಹತ್ತಿರ ಹೋಗಬೇಕು. ಹೋದವರು ಮೊದಲು ನೋಡಬೇಕಾದದ್ದು ಕ್ಲಿಪ್ಪನ್ನೇ.